ಒಂದು ಸುತ್ತಿಗೆ ಮರಳದ ಎಲೆಕ್ಟ್ರಾನ್

ಒಂದು ಅಂಕಿ ವಾರದಿಂದ ಬೆನ್ನು ಹತ್ತಿದೆ: ಸುಮಾರು 12,906 ಓಮ್.

2007ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಲೌರೆನ್ಸ್ ಮೋಲೆನ್‌ಕಾಂಪ್ ಅವರ ತಂಡ ಅಳೆದದ್ದು. ಕ್ಯಾಡ್ಮಿಯಂ ಬೆರೆತ ಎರಡು ಪದರಗಳ ನಡುವೆ ಪಾದರಸ ಟೆಲುರೈಡ್‌ನ ತೆಳುಹಾಳೆ. ಅದರ ದಪ್ಪ ಸುಮಾರು 6.3 ನ್ಯಾನೋಮೀಟರಿಗಿಂತ ಕಡಿಮೆಯಾದರೆ ಬರೀ ಅವಾಹಕ, ರೋಧ ಮೆಗಾಓಮ್‌ಗಳಲ್ಲಿ. 7.3 ನ್ಯಾನೋಮೀಟರ್ ಇದ್ದರೆ ಒಡಲೆಲ್ಲ ಅವಾಹಕವಾಗಿಯೇ ಉಳಿದು, ಅಂಚಿನಲ್ಲಿ ಮಾತ್ರ ವಿದ್ಯುತ್ತು ಹರಿಯುತ್ತದೆ. ಇದಕ್ಕೆ ಟೋಪೊಲಾಜಿಕಲ್ ಇನ್ಸುಲೇಟರ್ ಎಂದು ಹೆಸರು. ಹೀಗಾಗುತ್ತದೆಂದು ಬರ್ನೆವಿಗ್, ಹ್ಯೂಸ್, ಝಾಂಗ್ ಎಂಬ ಮೂವರು ಹಿಂದಿನ ವರ್ಷವೇ ಲೆಕ್ಕ ಹಾಕಿ ಹೇಳಿದ್ದರು.

ತುಂಡಿನ ಅಗಲವನ್ನು ಅರ್ಧಕ್ಕಿಳಿಸಿದರೂ ರೋಧ ಬದಲಾಗಲಿಲ್ಲ. ತಂತಿಯಾಗಿದ್ದರೆ ಇಮ್ಮಡಿಯಾಗಬೇಕಿತ್ತು. ಹರಿವು ಅಂಚಿನಲ್ಲೇ ಇದೆ ಎನ್ನಲು ಇದಕ್ಕಿಂತ ಸರಳವಾದ ಸಾಕ್ಷಿ ನನಗೆ ತೋಚುವುದಿಲ್ಲ.

*

12,906 ಎಂದರೆ 25,812ರ ಅರ್ಧ. ಆ ದೊಡ್ಡ ಅಂಕಿಯನ್ನು 1980ರಲ್ಲಿ ಗ್ರೆನೋಬಲ್‌ನಲ್ಲಿ ಕಂಡವರು ಕ್ಲಾಸ್ ಫಾನ್ ಕ್ಲಿಟ್ಸಿಂಗ್. ಅವರು ಡಾಕ್ಟರೇಟ್ ಪಡೆದದ್ದೂ ವೂರ್ಟ್ಸ್‌ಬುರ್ಗ್‌ನಲ್ಲೇ. ಅವರಿಗೆ ಬಲವಾದ ಕಾಂತಕ್ಷೇತ್ರ ಬೇಕಾಗಿತ್ತು. ಇಲ್ಲಿ ಕಾಂತವೇ ಇಲ್ಲ. ಎರಡು ಅಂಚು, ಒಂದೊಂದರಲ್ಲಿ ಒಂದೊಂದು ದಾರಿ, ಅದಕ್ಕೇ ಅರ್ಧ.

ಅಷ್ಟು ನಿಖರವಾದ ಅಂಕಿ ಬರಬೇಕಾದರೆ ದಾರಿಯಲ್ಲಿ ಎಲೆಕ್ಟ್ರಾನ್ ಎಲ್ಲೂ ಹಿಂದೆ ತಿರುಗಬಾರದು. ಹಾಳೆಯಲ್ಲಿ ಕಲ್ಮಶಗಳಿವೆ, ಅಂಚು ನುಣುಪಾಗಿಲ್ಲ. ಆದರೂ ಯಾಕೆ ತಿರುಗುವುದಿಲ್ಲ?

*

ಉತ್ತರ ಸ್ಪಿನ್‌ನಲ್ಲಿದೆ, ಅಂದರೆ ಎಲೆಕ್ಟ್ರಾನಿಗೆ ಹುಟ್ಟುಗುಣವಾಗಿರುವ ತಿರುಗಿನಲ್ಲಿ. ಒಂದೇ ಅಂಚಿನಲ್ಲಿ ಆ ಕಡೆ ಹೋಗುವ ಎಲೆಕ್ಟ್ರಾನಿನ ಸ್ಪಿನ್ ಮೇಲ್ಮುಖ, ಈ ಕಡೆ ಬರುವುದರದು ಕೆಳಮುಖ. ಹಿಂದೆ ತಿರುಗಬೇಕಾದರೆ ಸ್ಪಿನ್ನೂ ಮಗುಚಬೇಕು.

ಕಲ್ಮಶವನ್ನು ಗುಡಿಯ ಕಂಬ ಎಂದುಕೊಂಡೆ. ಅದನ್ನು ಬಲಸುತ್ತಿನಲ್ಲೂ ಬಳಸಿ ಬರಬಹುದು, ಎಡಸುತ್ತಿನಲ್ಲೂ ಬರಬಹುದು. ಎಲೆಕ್ಟ್ರಾನ್ ಅಲೆಯೂ ಆದ್ದರಿಂದ ಎರಡೂ ದಾರಿ ಹಿಡಿಯುತ್ತದೆ. ಒಂದರಲ್ಲಿ ಸ್ಪಿನ್ 180 ಡಿಗ್ರಿ ಈ ಕಡೆಗೆ, ಇನ್ನೊಂದರಲ್ಲಿ 180 ಡಿಗ್ರಿ ಆ ಕಡೆಗೆ ಹೊರಳುತ್ತದೆ. ಎರಡರ ನಡುವಿನ ಅಂತರ 360 ಡಿಗ್ರಿ, ಪೂರ್ತಿ ಒಂದು ಸುತ್ತು. ಅಂದ ಮೇಲೆ ಎರಡೂ ಒಂದೇ ಆಗಬೇಕಲ್ಲ? ಆಗುವುದಿಲ್ಲ. ಒಂದು ಸುತ್ತಿಗೆ ಎಲೆಕ್ಟ್ರಾನಿನ ಅಲೆ ಋಣ ಚಿಹ್ನೆ ಹೊತ್ತು ಬರುತ್ತದೆ. ಎರಡು ಸುತ್ತಾದರೆ ಮಾತ್ರ ಮೊದಲಿನಂತೆ. ಹೀಗಾಗಿ ಹಿಂದೆ ಬರುವ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಮುಂದಕ್ಕೆ ಹೋಗುವುದೊಂದೇ.

*

ಒಂದು ಸುತ್ತು ಸಾಲದು ಎನ್ನುವುದು ಮೈಗೆ ಅರ್ಥವಾಗಲಿ ಎಂದು ಅಂಗೈಯಲ್ಲಿ ನೀರಿನ ಬಟ್ಟಲು ಇಟ್ಟುಕೊಂಡೆ. ಚೆಲ್ಲದಂತೆ ಕಂಕುಳ ಕೆಳಗಿನಿಂದ ಒಂದು ಸುತ್ತು ತಿರುಗಿಸಿದೆ. ಬಟ್ಟಲು ಮೊದಲಿನ ದಿಕ್ಕಿಗೇ ಬಂತು, ತೋಳು ಮಾತ್ರ ತಿರುಚಿಕೊಂಡು ಮೊಣಕೈ ಮೇಲೆದ್ದಿತು. ಅದೇ ದಿಕ್ಕಿನಲ್ಲಿ, ತಲೆಯ ಮೇಲಿನಿಂದ, ಇನ್ನೊಂದು ಸುತ್ತು. ತೋಳು ನೆಟ್ಟಗಾಯಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೆಯೇ.

ಆದರೆ ಬಟ್ಟಲಿಗೆ ತೋಳಿದೆ. ಎಲೆಕ್ಟ್ರಾನಿಗೆ ಯಾವ ತೋಳು? ಅದು ಯಾವುದಕ್ಕೆ ಅಂಟಿಕೊಂಡು ತಿರುಚಿಕೊಳ್ಳುತ್ತದೆ? ಇಲ್ಲಿಗೆ ಬಂದು ನಿಂತಿದ್ದೇನೆ.

ಋಣ ಚಿಹ್ನೆ ಬರೀ ಕಾಗದದ ಲೆಕ್ಕವಲ್ಲ ಎನ್ನುವುದಂತೂ ಗಟ್ಟಿ. ನ್ಯೂಟ್ರಾನಿನ ಸ್ಪಿನ್ನೂ ಇಂಥದ್ದೇ. 1975ರಲ್ಲಿ ಹೆಲ್ಮುಟ್ ರೌಖ್ ಅವರ ತಂಡವೂ ಸ್ಯಾಮ್ಯುಯಲ್ ವರ್ನರ್ ಅವರ ತಂಡವೂ ಬೇರೆಬೇರೆಯಾಗಿ ನ್ಯೂಟ್ರಾನ್ ಅಲೆಯನ್ನು ಸಿಲಿಕಾನ್ ಹರಳಿನಲ್ಲಿ ಸೀಳಿ, ಒಂದು ಸೀಳನ್ನು ಮಾತ್ರ ಕಾಂತಕ್ಷೇತ್ರದಿಂದ ತಿರುಗಿಸಿ, ಮತ್ತೆ ಕೂಡಿಸಿ ನೋಡಿದವು. ಮೊದಲಿನ ಸ್ಥಿತಿ ಮರಳಲು 720 ಡಿಗ್ರಿಯೇ ಬೇಕಾಯಿತು.

*

ನನ್ನ ಕನ್ನಡಕದ ಗಾಜಿನ ಲೇಪವೂ ಹೀಗೇ ಕೆಲಸ ಮಾಡುತ್ತದೆ: ಲೇಪದ ಮೇಲಿನಿಂದ ಮತ್ತು ಅಡಿಯಿಂದ ಪ್ರತಿಫಲಿಸಿದ ಬೆಳಕು ಪರಸ್ಪರ ಅಳಿಸಿಕೊಳ್ಳುತ್ತದೆ. ಅದಕ್ಕೆ ಲೇಪದ ದಪ್ಪ ಕರಾರುವಾಕ್ಕಾಗಿರಬೇಕು. ಎಲೆಕ್ಟ್ರಾನಿನ ವಿಷಯದಲ್ಲಿ ಕಲ್ಮಶದ ಗಾತ್ರ, ಆಕಾರ ಯಾವುದೂ ಲೆಕ್ಕಕ್ಕಿಲ್ಲ. ಯಾರೂ ಹೊಂದಿಸದೆಯೇ ಹೊಂದಿಕೊಂಡಿರುವ ಈ ಅಳಿಸಾಟವೇ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು.

ಕಂಬದ ಚಿತ್ರವನ್ನು ತೀರಾ ನೆಚ್ಚಬಾರದು. ನಿಜವಾದ ಕಾರಣ ಕಾಲದ ಸಮ್ಮಿತಿ, 1930ರ ಹೊತ್ತಿಗೇ ಕ್ರಾಮರ್ಸ್ ಕಂಡದ್ದು. ಕಾಲವನ್ನು ಹಿಂದಕ್ಕೆ ಓಡಿಸಿದರೆ ಚಲನೆಯೂ ಸ್ಪಿನ್ನೂ ತಿರುಗುತ್ತವೆ. ಮಾಮೂಲಿ ಕಲ್ಮಶಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಲ್ಮಶವೇ ಪುಟ್ಟ ಕಾಂತವಾಗಿದ್ದರೆ ಗೊತ್ತಾಗುತ್ತದೆ, ಕಾವಲು ಮುರಿಯುತ್ತದೆ. ಅಂಚಿನಲ್ಲಿ ಹೋಗಿಬರುವ ದಾರಿ ಒಂದು ಜೋಡಿಯ ಬದಲು ಎರಡು ಜೋಡಿ ಇದ್ದರೂ ಕಾವಲಿಲ್ಲ: ಒಂದು ಜೋಡಿಯಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರಬಹುದು. ಬೆಸವಾದರೆ ಭದ್ರ, ಸಮವಾದರೆ ಇಲ್ಲ.

*

ಇನ್ನೊಂದು ಗಂಟು. ಆ ಸ್ವಚ್ಛ ಅಂಕಿ ಬಂದದ್ದು ಒಂದು ಮೈಕ್ರೋಮೀಟರ್ ಉದ್ದದ ತುಂಡಿನಲ್ಲಿ, ಕೆಲ್ವಿನ್‌ನ ನೂರರಲ್ಲಿ ಮೂರು ಭಾಗದಷ್ಟು ಚಳಿಯಲ್ಲಿ. ಅದೇ ದಪ್ಪದ, 20 ಮೈಕ್ರೋಮೀಟರ್ ಉದ್ದದ ತುಂಡಿನಲ್ಲಿ ರೋಧ ಬಹಳ ಹೆಚ್ಚಿತ್ತು. ಅಂದರೆ ದೂರ ಹೋದಂತೆ ಎಲೆಕ್ಟ್ರಾನ್ ಎಲ್ಲೋ ಅಲೆಯ ಲಯ ಕಳೆದುಕೊಂಡು ಹಿಂದೆ ತಿರುಗುತ್ತದೆ. 2018ರಲ್ಲಿ ಅಮೆರಿಕದ ಎಂಐಟಿಯವರು ಒಂದೇ ಪದರದ ಟಂಗ್‌ಸ್ಟನ್ ಡೈಟೆಲುರೈಡ್‌ನಲ್ಲಿ ಇದೇ ಅಂಚಿನ ಹರಿವನ್ನು 100 ಕೆಲ್ವಿನ್‌ವರೆಗೆ, ಅಂದರೆ ಮೈನಸ್ 173 ಡಿಗ್ರಿ ಸೆಲ್ಸಿಯಸ್‌ವರೆಗೆ, ಕಂಡರು. ಅಲ್ಲಿಯ ದಾರಿ ಇನ್ನೂ ಗಿಡ್ಡ: ಸುಮಾರು 100 ನ್ಯಾನೋಮೀಟರ್.