ಅತ್ತೆ ಮನೆಯಲ್ಲೊಂದು ಸೆಟ್ ಜೆರಾಕ್ಸ್

"ಮೇಡಂ, ಬೋರ್ಡ್ ಹೋಗಿದೆ. ಹೊಸ ಫೋನ್ ತಗೊಂಡ್ಬಿಡಿ."

ಎಸ್.ಪಿ. ರೋಡಿನ ಪುಟ್ಟ ಅಂಗಡಿಯ ಹುಡುಗ ಟೀ ಕುಡಿಯುತ್ತಲೇ ಇಷ್ಟು ಹೇಳಿ ಫೋನನ್ನು ನನ್ನ ಕಡೆ ಸರಿಸಿದ. ಅವನಿಗೆ ಬೋರ್ಡ್ ಸಾಯೋದು ಮಾಮೂಲು. ನಾನೂ ಅಂಥಾ ಗಾಬರಿಯೇನೂ ಆಗಲಿಲ್ಲ. ಫೋನ್ ಹೋದ್ರೆ ಹೋಗ್ಲಿ, ಮೆಮೊರಿ ಕಾರ್ಡ್ ಇದೆಯಲ್ಲ! ಪಿನ್ ಚುಚ್ಚಿ ಕಾರ್ಡ್ ತೆಗೆದೆ, ಪರ್ಸಿನ ಚಿಲ್ಲರೆ ಖಾನೆಯಲ್ಲಿ ಹಾಕಿಕೊಂಡೆ, ಮೆಟ್ರೋ ಹತ್ತಿ ಮನೆಗೆ ಬಂದೆ.

ರಾತ್ರಿ ರೂಮ್‌ಮೇಟ್ ಫೋನಿಗೆ ಹಾಕಿ ನೋಡಿದರೆ ಅದು ಹೇಳಿದ್ದು ಇಷ್ಟೇ: ಈ ಕಾರ್ಡ್ ಓದಲು ಬರುತ್ತಿಲ್ಲ, ಫಾರ್ಮ್ಯಾಟ್ ಮಾಡಿ. ಲ್ಯಾಪ್‌ಟಾಪಿಗೆ ಹಾಕಿದೆ. ಅದೂ ಅದನ್ನೇ ಹೇಳಿತು. ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಗಿದ್ದು ಆಗ.

ಯಾಕಂದ್ರೆ ಆ ಕಾರ್ಡಿನಲ್ಲಿ ಅಪ್ಪ ಇದ್ರು.

ಇದು 2019ರ ಮಾರ್ಚ್. ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಅಪ್ಪನಿಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡೋದು ಕೊನೆಗೂ ಒಗ್ಗಲಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ಸಿಟ್ಟು. ಹಾಗಾಗಿ ವಾಟ್ಸಾಪಿನಲ್ಲಿ ಮೈಕ್ ಒತ್ತಿ ಹಿಡಿದು ಮಾತಾಡೋದನ್ನು ಕಲಿತಿದ್ದರು. ಪ್ರತಿ ಮೆಸೇಜೂ ಹೀಗೇ ಶುರು: "ಹಾಂ... ಇದು ರೆಕಾರ್ಡ್ ಆಗ್ತಿದ್ಯೋ ಇಲ್ವೋ... ಪುಟ್ಟಿ, ಊಟ ಆಯ್ತಾ?" ಆಮೇಲೆ ತೀರ್ಥಹಳ್ಳಿಯ ಮಳೆ, ತೋಟದ ಕೊಳೆ ಔಷಧಿ, ಕೈಕೊಟ್ಟ ಆಳು. ಅರ್ಧಕ್ಕರ್ಧ ಮೆಸೇಜನ್ನು ನಾನು ಮೀಟಿಂಗ್ ಮಧ್ಯೆ ಕೇಳದೆ, ಒಂದು ಥಂಬ್ಸ್ ಅಪ್ ಒತ್ತಿ ಮುಂದೆ ಹೋಗಿದ್ದೆ. ಆಮೇಲೆ ಕೇಳಿದರಾಯ್ತು, ಎಲ್ಲಿ ಹೋಗುತ್ತೆ ಅಂತ.

ಈಗ ನನ್ನ ತಪ್ಪೇನು ಅಂತ ಹೇಳ್ತೀನಿ. ನಿಮ್ಮಲ್ಲಿ ಕೆಲವರಾದರೂ ಇದನ್ನು ಮಾಡಿರುತ್ತೀರಿ.

2016ರಲ್ಲಿ ಆ ಫೋನ್ ತಗೊಂಡಾಗ ಅದರ ಹೊಟ್ಟೆಯಲ್ಲಿದ್ದಿದ್ದು 16 ಜಿಬಿ. ಎರಡೇ ತಿಂಗಳಿಗೆ "ಸ್ಟೋರೇಜ್ ಫುಲ್" ಅಂತ ಗೋಳಾಡತೊಡಗಿತು. 32 ಜಿಬಿ ಕಾರ್ಡ್ ತಂದು ಹಾಕಿದೆ. ಅದು ಆಂಡ್ರಾಯ್ಡ್ 6. ಕಾರ್ಡ್ ಹಾಕಿದ ಕೂಡಲೇ ಒಂದು ಪ್ರಶ್ನೆ ಕೇಳಿತು: ಪೋರ್ಟಬಲ್ ಸ್ಟೋರೇಜ್ ಆಗಿ ಬಳಸಬೇಕೋ, ಇಂಟರ್ನಲ್ ಸ್ಟೋರೇಜ್ ಆಗಿಯೋ? ಜಾಗ ಬೇಕಿತ್ತು, ಇಂಟರ್ನಲ್ ಅಂತ ಒತ್ತಿದೆ. ಎಲ್ಲವೂ ಆ ಕಡೆ ಶಿಫ್ಟ್ ಆಯಿತು. ಫೋನು ಹಗುರ, ನಾನೂ ಹಗುರ.

ಆ ಒಂದು ಒತ್ತಿನ ಅರ್ಥ ಮೂರು ವರ್ಷ ಬಿಟ್ಟು ತಿಳಿಯಿತು. ಪೋರ್ಟಬಲ್ ಅಂದಿದ್ದರೆ ಕಾರ್ಡ್ ಒಂದು ಮಾಮೂಲಿ ಡಬ್ಬಿ, ಯಾವ ಫೋನಿಗೆ ಹಾಕಿದರೂ ಮುಚ್ಚಳ ತೆರೆಯುತ್ತೆ. ಇಂಟರ್ನಲ್ ಅಂದ ಕೂಡಲೇ ಫೋನು ಇಡೀ ಕಾರ್ಡನ್ನು ಅಳಿಸಿ, ಎನ್‌ಕ್ರಿಪ್ಟ್ ಮಾಡಿ, ಕೀಲಿಯನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೆ. ಆಮೇಲೆ ಆ ಕಾರ್ಡು ಆ ಒಂದು ಫೋನಿನಲ್ಲಿ ಮಾತ್ರ ಕಾರ್ಡು. ಫೋನಿನ ಬೋರ್ಡ್ ಸತ್ತರೆ ಕೀಲಿಯೂ ಸತ್ತ ಹಾಗೆ. ನೋಡೋಕೆ ಹೊರಗಿನದು, ಉಗುರಲ್ಲಿ ಎಬ್ಬಿ ತೆಗೆಯಬಹುದು, ಆದರೆ ಲೆಕ್ಕದಲ್ಲಿ ಒಳಗಿನದೇ.

ಬ್ಯಾಕಪ್ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು! ವಾಟ್ಸಾಪ್ ದಿನಾ ಬೆಳಗಿನ ಜಾವ 2 ಗಂಟೆಗೆ ತಾನಾಗಿ ಚಾಟ್ ಬ್ಯಾಕಪ್ ಮಾಡುತ್ತೆ. ನಾನು ಗೊರಕೆ ಹೊಡೆಯುವಾಗಲೂ ಅದು ಪಾಪ ತಪ್ಪದೆ ಕೆಲಸ ಮಾಡುತ್ತಿತ್ತು. ಎಲ್ಲಿಗೆ? ಅದೇ ಫೋನಿಗೆ, ಅದೇ ಕಾರ್ಡಿಗೆ. ಆಪ್ ಅಳಿಸಿ ಮತ್ತೆ ಹಾಕಿದರೆ ಅಂಥಾ ಬ್ಯಾಕಪ್ ಕೈ ಹಿಡಿಯುತ್ತೆ, ಫೋನೇ ಹೋದರೆ ಏನು ಮಾಡುತ್ತೆ? ಗೂಗಲ್ ಡ್ರೈವ್‌ಗೆ ಕಳಿಸೋ ಆಯ್ಕೆಯೂ ಇತ್ತು. ಪಿಜಿಯ ದರಿದ್ರ ವೈಫೈ ನೋಡಿ ಯಾವತ್ತೋ "ನೆವರ್" ಅಂತ ಒತ್ತಿದ್ದೆ. ಹೇಳೋಕೆ ನಾಚಿಕೆ, ನಾನು ಕೆಲಸ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. "ಬ್ಯಾಕಪ್ ತಗೊಂಡಿದೀವಿ ಅಂದ್ರೆ ಸಾಲದು, ರೀಸ್ಟೋರ್ ಮಾಡಿ ತೋರ್ಸಿ" ಅಂತ ಡೆವಲಪರ್‌ಗಳ ಜೀವ ತಿನ್ನೋದೇ ನನ್ನ ಸಂಬಳ.

ಯುಗಾದಿಗೆ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ಎರಡು ನಿಮಿಷ ಸುಮ್ಮನಿದ್ದು, "ನಿಮ್ಮಪ್ಪ ಆಗಿದ್ರೆ ಇನ್ನೊಂದು ಸೆಟ್ ಜೆರಾಕ್ಸ್ ಮಾಡಿಸಿರೋರು" ಅಂದಳು.

ನಿಜ. ಅಪ್ಪನಿಗೆ ಜೆರಾಕ್ಸ್ ಹುಚ್ಚು. ಪಹಣಿ, ಪಾಸ್‌ಬುಕ್, ನನ್ನ ಮಾರ್ಕ್ಸ್ ಕಾರ್ಡ್, ಎಲ್ಲದಕ್ಕೂ ಎರಡು ಸೆಟ್. ಒಂದು ಬೀರುವಿನಲ್ಲಿ, ಇನ್ನೊಂದು ಶಿವಮೊಗ್ಗದ ಅತ್ತೆ ಮನೆಯಲ್ಲಿ. "ಎರಡೂ ಇಲ್ಲೇ ಇದ್ರೆ ಏನು ಬಂತು? ಬೆಂಕಿಗೇನು, ಇದು ಒರಿಜಿನಲ್ಲು, ಇದು ಜೆರಾಕ್ಸು ಅಂತ ಗೊತ್ತಾಗುತ್ತಾ?" ಅಂತಿದ್ದರು. ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಹೆಸರುವಾಸಿ ಮಾಡಿದ "ಮೂರು-ಎರಡು-ಒಂದು" ಸೂತ್ರ ನಮ್ಮ ಆಫೀಸಿನ ಟ್ರೈನಿಂಗ್‌ಗಳಲ್ಲಿ ಬರುತ್ತಿರುತ್ತೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಸ್ಲೈಡ್ ನೋಡಿ ತಲೆಯಾಡಿಸುವಾಗ ನನಗೆ ಅತ್ತೆ ಮನೆ ಅಟ್ಟದ ಮೇಲಿನ ಆ ಪ್ಲಾಸ್ಟಿಕ್ ಕವರ್ ನೆನಪಾಗಲೇ ಇಲ್ಲ.

ಜೆರಾಕ್ಸ್ ಅಂದ ತಕ್ಷಣ ತಲೆಗೆ ಹೊಳೆದದ್ದು ಇದು: ಅಪ್ಪ ಕಳಿಸಿದ ದನಿಯ ಒಂದು ಪ್ರತಿ ಅಪ್ಪನ ಫೋನಿನಲ್ಲೂ ಇರಬೇಕಲ್ಲ!

ಅಮ್ಮ ಆ ಫೋನನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಳು. ಚಾರ್ಜಿಗೆ ಹಾಕಿದ ಮೇಲೂ ಬಹಳ ಹೊತ್ತು ಸತ್ತ ಹಾಗೇ ಇತ್ತು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟಿತು. ಪ್ಯಾಟರ್ನ್ ಅಮ್ಮನಿಗೆ ಗೊತ್ತಿತ್ತು. ಇಂಟರ್ನಲ್ ಸ್ಟೋರೇಜ್, ವಾಟ್ಸಾಪ್, ಮೀಡಿಯಾ, ವಾಯ್ಸ್ ನೋಟ್ಸ್. ಒಳಗೆ ವಾರಕ್ಕೊಂದರಂತೆ ಫೋಲ್ಡರ್, ಅದರೊಳಗೆ "ಪಿಟಿಟಿ" ಅಂತ ಶುರುವಾಗುವ ಓಪಸ್ ಫೈಲುಗಳು. ಚಾಟ್ ಬ್ಯಾಕಪ್ ಫೈಲಿಗೆ ಬೀಗ ಇರುತ್ತೆ, ಈ ದನಿಯ ಫೈಲುಗಳಿಗೆ ಇಲ್ಲ. ಯಾವ ಪ್ಲೇಯರ್‌ನಲ್ಲಾದರೂ ಕೇಳಬಹುದು.

ಒಟಿಜಿ ಕೇಬಲ್‌ನಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಅಷ್ಟನ್ನೂ ಕಾಪಿ ಮಾಡಿದೆ. ಬಂದದ್ದು, ಕಳಿಸಿದ್ದು ಎಲ್ಲ ಒಂದೇ ಕಡೆ ಇರೋದರಿಂದ ಒಂದೊಂದಾಗಿ ಕೇಳಿಯೇ ಬೇರೆ ಮಾಡಬೇಕಿತ್ತು. ಅಡಿಕೆ ರೇಟು ಹೇಳುವವರು, ಗೃಹಪ್ರವೇಶಕ್ಕೆ ಕರೆಯುವವರು, ಮಧ್ಯೆ ಅವಸರದಲ್ಲಿ "ಆಮೇಲೆ ಮಾಡ್ತೀನಪ್ಪ" ಅನ್ನೋ ನನ್ನದೇ ದನಿ. ಮತ್ತೆ, "ಹಾಂ... ಇದು ರೆಕಾರ್ಡ್ ಆಗ್ತಿದ್ಯೋ ಇಲ್ವೋ..."

ಆಗಿತ್ತು ಅಪ್ಪ.

ಎಲ್ಲ ಸಿಗಲಿಲ್ಲ. ಜಾಗ ತುಂಬಿದಾಗಲೆಲ್ಲ ಅವರೇ ಅಳಿಸುತ್ತಿದ್ದರಂತೆ. ಉಳಿದಿದ್ದು 43. ಅದರಲ್ಲಿ ಹನ್ನೊಂದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಅಮ್ಮ ಒಳಗಿಂದ ಬಂದು ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ಕೇಳಿದಳು. ಕಣ್ಣು ಒರೆಸಿಕೊಂಡು, "ಹೋದ್ ವರ್ಷ ಔಷಧಿ ಹೊಡಿಯೋಕೆ ಯಾರು ಬಂದಿದ್ರು ಅಂತ ಅದ್ರಲ್ಲಿ ಎಲ್ಲಾದ್ರೂ ಇದ್ಯಾ ನೋಡು. ಈ ಮಳೆಗಾಲಕ್ಕೂ ಅವರನ್ನೇ ಕರೀಬೇಕು" ಅಂದಳು. ಇತ್ತು. ಹೆಸರು, ಊರು, ಡ್ರಮ್ಮಿಗೆ ಎಷ್ಟು ಅನ್ನೋದು ಸಮೇತ.

ಈಗ ನನ್ನ ವ್ಯವಸ್ಥೆ ಹೀಗಿದೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಡ್ರೈವ್‌ನಲ್ಲಿ, ಒಂದು ಪೆನ್‌ಡ್ರೈವ್ ಅತ್ತೆ ಮನೆಯ ಆ ಪ್ಲಾಸ್ಟಿಕ್ ಕವರಿನಲ್ಲಿ, ಪಹಣಿಯ ಪಕ್ಕ. ಪೆನ್‌ಡ್ರೈವೂ ಶಾಶ್ವತ ಅಲ್ಲ. ಅದಕ್ಕೇ ಪ್ರತಿ ಯುಗಾದಿಗೆ ಮೂರೂ ಕಡೆಯಿಂದ ಒಂದೊಂದು ಫೈಲ್ ತೆರೆದು ಕೇಳ್ತೀನಿ. ತೆರೆದರೆ ಬ್ಯಾಕಪ್, ಇಲ್ಲದಿದ್ದರೆ ಬರೀ ನಂಬಿಕೆ.

ನೀವೂ ಇವತ್ತು ರಾತ್ರಿ ಒಂದು ಸಲ ಸೆಟಿಂಗ್ಸ್‌ಗೆ ಹೋಗಿ ನೋಡಿ. ನಿಮ್ಮ ಬ್ಯಾಕಪ್ ಎಲ್ಲಿದೆ? ಅದೇ ಫೋನಿನಲ್ಲಾ? ಕಾರ್ಡ್ ಇದ್ದರೆ ಅದು ಪೋರ್ಟಬಲ್ಲಾ, ಇಂಟರ್ನಲ್ಲಾ? ಒಂದು ಫೈಲನ್ನಾದರೂ ಬೇರೆ ಕಡೆ ತೆರೆದು ನೋಡಿದ್ದೀರಾ? ಹಾಂ, ಊರಿನಿಂದ ಬಂದು ಕೇಳದೇ ಉಳಿದ ವಾಯ್ಸ್ ಮೆಸೇಜ್ ಇದ್ದರೆ, ಮೊದಲು ಅದನ್ನು ಕೇಳಿಬಿಡಿ.