ಸೊಕೊಂಪಾದ ಜೀವಂತ ಕಲ್ಲುಗಳು

ಅರ್ಜೆಂಟೀನಾದ ಸಾಲ್ಟಾ ನಗರದಿಂದ ಪಶ್ಚಿಮಕ್ಕೆ ಹೊರಟರೆ ದಾರಿ ಆಂಡೀಸ್ ಪರ್ವತಗಳ ನಡುವಿನ ‘ಪೂನಾ’ ಪ್ರಸ್ಥಭೂಮಿಗೆ ಏರುತ್ತದೆ. ತೋಲಾರ್ ಗ್ರಾಂದೆ ಎಂಬ ಪುಟ್ಟ ಊರು ದಾಟಿದ ಮೇಲೆ ಎತ್ತ ನೋಡಿದರೂ ಬೋಳು ಬೆಟ್ಟ, ಬಿಳಿ ಉಪ್ಪಿನ ಬಯಲು. 1948ರಲ್ಲಿ ಪೂರ್ಣಗೊಂಡ ರೈಲುಮಾರ್ಗ ಚಿಲಿಯ ಗಡಿಯತ್ತ ಸಾಗುತ್ತದೆ. ಅಲ್ಲಿ ಆರು ಸಾವಿರ ಮೀಟರಿಗೂ ಎತ್ತರದ ಸೊಕೊಂಪಾ ಜ್ವಾಲಾಮುಖಿ. ಅದರ ಬುಡದಲ್ಲಿ ಅದೇ ಹೆಸರಿನ ಉಪ್ಪುನೀರಿನ ಸರೋವರ. ಎತ್ತರ 3,570 ಮೀಟರ್, ಹೆಚ್ಚುಕಡಿಮೆ ನಮ್ಮ ಲೇಹ್ ಪಟ್ಟಣದಷ್ಟು.

ಇಲ್ಲಿ ಗಾಳಿ ತೆಳು. ಹಗಲಲ್ಲಿ ಅತಿನೇರಳೆ ಕಿರಣಗಳ ಸುರಿಮಳೆ, ಇರುಳಲ್ಲಿ ಕೊರೆಯುವ ಚಳಿ. ನೀರಿನಲ್ಲಿ ಉಪ್ಪಿನ ಜತೆಗೆ ಆರ್ಸೆನಿಕ್ ವಿಷ. ಇಂಥಲ್ಲಿ ಏನು ತಾನೇ ಬದುಕೀತು?

ದಡದ ಬಳಿ ನೀರು ಇಳಿದಾಗ ಗುಮ್ಮಟದಂಥ ಒರಟು ಕಲ್ಲುಗಳು ತಲೆ ಎತ್ತುತ್ತವೆ. ಇವು ಬರಿಯ ಕಲ್ಲುಗಳಲ್ಲ, ಸೂಕ್ಷ್ಮಜೀವಿಗಳು ಕಟ್ಟಿದ ‘ಸ್ಟ್ರೊಮೆಟೊಲೈಟ್’ಗಳು! ಮರಿಯಾ ಯುಜೀನಿಯಾ ಫರಿಯಾಸ್ ಎಂಬ ವಿಜ್ಞಾನಿಯ ತಂಡ ಇವುಗಳ ವಿವರವನ್ನು 2013ರಲ್ಲಿ ಪ್ರಕಟಿಸಿತು.

ಕಲ್ಲು ಬೆಳೆಯುವುದು ಹೇಗೆ? ಸೂಕ್ಷ್ಮಜೀವಿಗಳು ಬಿಸಿಲಿನಿಂದ ಆಹಾರ ತಯಾರಿಸುವಾಗ ನೀರಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರುತ್ತವೆ. ಆಗ ನೀರಿನ ಕ್ಷಾರಗುಣ ಹೆಚ್ಚಿ, ಕರಗಿದ್ದ ಸುಣ್ಣದ ಅಂಶ ಅವುಗಳ ಅಂಟಿನ ಮೇಲೆ ಗಟ್ಟಿಯಾಗುತ್ತದೆ. ಬೆಳಕನ್ನರಸಿ ಜೀವಿಗಳು ಮೇಲೇರುತ್ತವೆ. ಹಳೆಯ ಪದರದ ಮೇಲೆ ಹೊಸ ಪದರ ಕೂರುತ್ತದೆ. ಮೇಲಿನ ವಾಸಿಗಳ ಬಣ್ಣದ ವಸ್ತುಗಳೇ ಕೆಳಗಿನವರಿಗೆ ಬಿಸಿಲಿನ ಕೊಡೆ.

ಸುಮಾರು 350 ಕೋಟಿ ವರ್ಷಗಳ ಹಿಂದಿನ ಇಂಥದೇ ರಚನೆಗಳು ಪಶ್ಚಿಮ ಆಸ್ಟ್ರೇಲಿಯಾದ ಬಂಡೆಗಳಲ್ಲಿ ಉಳಿದಿವೆ. ಇಂದು ನಾವು ಉಸಿರಾಡುವ ಆಮ್ಲಜನಕವನ್ನು ಮೊದಲು ವಾತಾವರಣಕ್ಕೆ ತುಂಬಿದವು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು. ಆದ್ದರಿಂದ ಸೊಕೊಂಪಾ ಭೂಮಿಯ ಬಾಲ್ಯದ ಕಿಟಕಿ ಇದ್ದಂತೆ.

ಇದೇ ಪೂನಾದ ಉಪ್ಪಿನ ಬಯಲುಗಳ ಅಡಿಯಲ್ಲಿ ಲಿಥಿಯಂ ಇದೆ. ಮೊಬೈಲ್ ಫೋನಿಗೂ ವಿದ್ಯುತ್ ಸ್ಕೂಟರಿಗೂ ಬೇಕಾದ ಬ್ಯಾಟರಿಯ ಜೀವಾಳವದು. ಉಪ್ಪುನೀರನ್ನು ಮೇಲೆತ್ತಿ, ವಿಶಾಲ ಕೊಳಗಳಲ್ಲಿ ಬಿಸಿಲಿಗೆ ಆರಿಸಿ ಅದನ್ನು ತೆಗೆಯುತ್ತಾರೆ. ನೆರೆಯ ಕಟಮಾರ್ಕಾ ಪ್ರಾಂತದ ಐದು ಪ್ರದೇಶಗಳಲ್ಲಿ ಲಿಥಿಯಂ ಹುಡುಕಲು ಭಾರತ ಸರ್ಕಾರದ ‘ಕಾಬಿಲ್’ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ.

ಮಳೆ ಅಪರೂಪವಾದ ನಾಡಿನಲ್ಲಿ ನೆಲದೊಳಗಿನ ನೀರು ಇಳಿದರೆ ಸರೋವರವೂ ಸೊರಗುತ್ತದೆ. ತೇವ ಆರಿದ ಪದರದಲ್ಲಿ ಕಲ್ಲು ಉಳಿದೀತು, ಜೀವ ಉಳಿಯದು. ಹೊಗೆಯಿಲ್ಲದ ವಾಹನ ನಮಗೆ ಬೇಕು, ನಿಜ. ಆದರೆ ಅದರ ಲೆಕ್ಕ ಬರೆಯುವಾಗ ಈ ಪುರಾತನ ಕಲ್ಲುಕುಟಿಗರ ಖಾತೆಯನ್ನೂ ತೆರೆಯಬೇಕಲ್ಲವೇ?