ಬೇಯಿಸುವ ಪೆಟ್ಟಿಗೆಯೂ ಬೇಯುತ್ತದೆ

ಅಜ್ಜಿಯ ಕುರ್ಚಿಯ ಒರಗಿನ ಒಳಬಳೆ ಮುರಿದು ಎರಡು ತಿಂಗಳಾಗಿತ್ತು. ಬೆತ್ತದ ಸೀಟಿನ, ಬಾಗಿದ ಮರದ ಆ ಕುರ್ಚಿಯನ್ನು ನೀವೂ ಹಳೇ ಮನೆಗಳ ಜಗಲಿಯಲ್ಲೋ ಕಾಫಿ ಹೋಟೆಲಿನಲ್ಲೋ ನೋಡಿರುತ್ತೀರಿ. ಜರ್ಮನಿಯ ಬೊಪಾರ್ಡ್ ಎಂಬ ಊರಿನಲ್ಲಿ 1796ರಲ್ಲಿ ಹುಟ್ಟಿದ ಬಡಗಿ ಮಿಖಾಯೆಲ್ ತೋನೆಟ್, 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಯ ವಂಶ ಅದು. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟುಗಳಲ್ಲಿ ಆತ ಕುರ್ಚಿಯನ್ನು ಮುಗಿಸಿದ್ದ.

ಅಜ್ಜಿಗೆ ಬೇರೆ ಕುರ್ಚಿ ಒಗ್ಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಜಾರಿದ ಹಾಗಾಗುತ್ತದೆ ಎಂದು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದಳು. ಥೀಸಿಸ್ಸಿನ ನಾಲ್ಕನೇ ಅಧ್ಯಾಯ ಮುಂದೆ ಹೋಗದೆ ನಾನು ಊರಿಗೆ ಬಂದಿದ್ದೆ. ಬಳೆಯನ್ನು ನಾನೇ ಮಾಡಿಕೊಡುತ್ತೇನೆ ಎಂದೆ. ಹಿತ್ತಲಲ್ಲಿ ಕಡಿದು ಹಾಕಿದ್ದ ಹಿಪ್ಪುನೇರಳೆ ಮರವಿತ್ತು. ಹಾಕಿ ಸ್ಟಿಕ್ಕಿನ ತುದಿಯನ್ನು ಬಗ್ಗಿಸುತ್ತಿದ್ದುದು ಇದೇ ಜಾತಿಯ ಮರದಲ್ಲಿ. ಪೂರ್ತಿ ಒಣಗದ ಮರವೇ ಬಗ್ಗಿಸಲು ಒಳ್ಳೆಯದು ಎಂಬುದೂ ಗೊತ್ತಿತ್ತು.

ಬೇಕಿದ್ದದ್ದು ಕೋಲನ್ನು ಬೇಯಿಸುವ ಪೆಟ್ಟಿಗೆ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟು ತೇವದಲ್ಲಿ ನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಮೆತ್ತಗಾಗುತ್ತದೆ. ಒಂದಿಂಚು ದಪ್ಪಕ್ಕೆ ಒಂದು ಗಂಟೆ ಹಬೆ ಎನ್ನುವುದು ಬಡಗಿಗಳ ಲೆಕ್ಕ. ನನ್ನ ಕೋಲು ಮುಕ್ಕಾಲು ಇಂಚಿನದು. ತೋಟಕ್ಕೆ ತಂದು ಉಳಿದಿದ್ದ ನಾಲ್ಕಿಂಚಿನ ಪಿವಿಸಿ ಪೈಪು ಕೊಟ್ಟಿಗೆಯಲ್ಲಿತ್ತು. ವಿಷಲ್ ತೆಗೆದ ಹಳೇ ಕುಕ್ಕರಿನಿಂದ ಒಂದು ತುದಿಗೆ ರಬ್ಬರ್ ಕೊಳವೆ ಕೊಟ್ಟೆ. ಹಬೆ ದಂಡವಾಗಬಾರದೆಂದು ಇನ್ನೊಂದು ತುದಿಗೆ ಬಟ್ಟೆ ಗಿಡಿದೆ.

ಅಜ್ಜಿ ಸ್ಟೂಲಿನಿಂದಲೇ ಕೇಳಿದಳು: "ಅಮ್ಮಿ, ಕಡುಬಿನ ಪಾತ್ರೆ ಮುಚ್ಚಳಕ್ಕೆ ಯಾರಾದ್ರೂ ಬೆಸುಗೆ ಹಾಕ್ತಾರೇನೇ?"

ಬಟ್ಟೆಯನ್ನು ಸಡಿಲಿಸಿದೆ. ಅದೊಂದು ಪುಣ್ಯ. ಹಬೆಪೆಟ್ಟಿಗೆಯಲ್ಲಿ ಒತ್ತಡ ಬೇಕಿಲ್ಲ, ಶಾಖ ಮತ್ತು ತೇವ ಸಾಕು. ಹಬೆ ಹೊರಹೋಗಲು ದಾರಿಯಿಲ್ಲದ ಪೆಟ್ಟಿಗೆ ಬಾಂಬಿಗೆ ಸಮ.

ಇಪ್ಪತ್ತು ನಿಮಿಷಕ್ಕೆ ಪೈಪು ಎರಡು ಇಟ್ಟಿಗೆಗಳ ನಡುವೆ ಒದ್ದೆ ಸೀರೆಯಂತೆ ಜೋತುಬಿತ್ತು. ತಗ್ಗಿನಲ್ಲಿ ನೀರು ನಿಂತಿತು. ಎತ್ತಲು ಹೋದರೆ ಕುದಿನೀರು ಮಣಿಕಟ್ಟಿನ ಮೇಲೆ ಚೆಲ್ಲಿತು. ಅರ್ಧ ಬೆಂದ ಕೋಲನ್ನು ಹಟಕ್ಕೆ ಬಗ್ಗಿಸಿದೆ, ಲಟಕ್ಕೆಂದು ಮುರಿಯಿತು.

ಸುಟ್ಟ ಕೈಗಿಂತ ಹೆಚ್ಚು ಉರಿದದ್ದು ಬೇರೆ. ನನ್ನ ಸಂಶೋಧನೆ ಇರುವುದೇ ಪ್ಲಾಸ್ಟಿಕ್ಕಿನ ಮೇಲೆ. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ ಎಂದು ಮೊದಲ ವರ್ಷದ ಹುಡುಗರಿಗೆ ನಾನೇ ಪಾಠ ಮಾಡಿದ್ದೇನೆ. ಆದರೆ ಆ ಬೆಳಿಗ್ಗೆ ನನ್ನ ಗಮನವೆಲ್ಲ ಕೋಲಿನ ಮೇಲಿತ್ತು. ಪೈಪು ಬರೀ ಪೈಪಾಗಿತ್ತು.

ಮರುದಿನ ಆಚಾರ್ರು ಬಂದರು. ಪೈಪನ್ನು ಕಾಲಲ್ಲಿ ಉರುಳಿಸಿ, "ಎಂಥ ಮಾಡಿದ್ರಿ ಅಮ್ಮಾ ಇದು?" ಎಂದರು. ಆಮೇಲೆ ಜಗಲಿಯಲ್ಲಿ ಕೂತು ಇಬ್ಬರೂ ಒಂದೊಂದೇ ವಸ್ತುವನ್ನು ತೂಗಿದೆವು. ಬಿಸಿನೀರಿಗೆಂದೇ ಬರುವ ಸಿಪಿವಿಸಿ ಪೈಪಿನ ಮಿತಿಯೂ ಸುಮಾರು 93 ಡಿಗ್ರಿ. ಅಂಚಿನಲ್ಲಿ ನಡೆಯುವ ಕೆಲಸ, ಬೇಡ. ತಗಡಿನ ಕೊಳವೆ ಮೆತ್ತಗಾಗುವುದಿಲ್ಲ, ಆದರೆ ಶಾಖವನ್ನು ಹೊರಗೆ ಸುರಿಯುತ್ತದೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುವಂಥದ್ದು. ಒಳಗಿನ ಹಬೆಯೆಲ್ಲ ನೀರಾಗಿ ಹರಿಯುತ್ತದೆ, ಮೇಲೆ ಗೋಣಿ ಸುತ್ತದೆ ಗತಿಯಿಲ್ಲ. ಬರಿ ಕಬ್ಬಿಣಕ್ಕೆ ಇನ್ನೊಂದು ದೋಷ. ಒಗರಿರುವ ಒದ್ದೆ ಮರಕ್ಕೆ ಅದು ತಾಗಿದರೆ ಕಪ್ಪು ಕಲೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ.

"ಪ್ಲೈವುಡ್?" ಎಂದೆ.

"ಯಾವ ಪ್ಲೈವುಡ್ ಅಂತ ಕೇಳ್ಬೇಕು" ಎಂದರು. ಎಂಆರ್ ಎಂದು ಅಚ್ಚೊತ್ತಿದ ಹಾಳೆಯ ಅಂಟು ತೇವವನ್ನು ತಡೆದೀತು, ಹಬೆಯನ್ನಲ್ಲ. ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಬಿಡಬ್ಲ್ಯೂಪಿ ಎಂದಿದ್ದರೆ ಕುದಿಯುವ ನೀರಿಗೂ ಜಗ್ಗದ ಫಿನಾಲಿನ ಅಂಟು. ಆಗುತ್ತದೆ, ಆದರೆ ಒಂದು ಬಳೆಗಾಗಿ ಅಷ್ಟು ದುಡ್ಡೇ?

ಕೊನೆಗೆ ಗೆದ್ದದ್ದು ಕೊಟ್ಟಿಗೆಯ ಹಳೇ ಹಲಗೆಗಳು. ಮರ ತಾನೇ ಶಾಖ ಹಿಡಿದಿಡುತ್ತದೆ, ಗೋಣಿ ಬೇಡ. ಹಿತ್ತಾಳೆ ಸ್ಕ್ರೂ ಹಾಕಿದೆವು. ನೀರು ಬಸಿಯಲೆಂದು ಒಂದು ಬದಿ ಎರಡಿಂಚು ತಗ್ಗಿಸಿ ಅಲ್ಲೊಂದು ತೂತು. ಕೋಲಿನ ಸುತ್ತ ಹಬೆ ಆಡಲೆಂದು ಒಳಗೆ ಅಡ್ಡಡ್ಡ ಬಿದಿರುಕಡ್ಡಿ. ಬಾಗಿಲಿಗೆ ಸಡಿಲ ಬಟ್ಟೆ. ಹಲಗೆಗಳ ಸಂದಿನಲ್ಲಿ ಹಬೆ ಸೋರುತ್ತಿತ್ತು. ನಾನು ಮುಚ್ಚಲು ಹೋದೆ. "ಬಿಡಿ ಅಮ್ಮಾ, ಮರ ಉಬ್ಬಿ ತಾನೇ ಮುಚ್ಚಿಕೊಳ್ತದೆ" ಎಂದರು. ಹತ್ತು ನಿಮಿಷದಲ್ಲಿ ಹಾಗೇ ಆಯಿತು.

ಮುಕ್ಕಾಲು ಗಂಟೆಯ ನಂತರ ಕೈಚೀಲ ಹಾಕಿಕೊಂಡು ಕೋಲನ್ನು ತೆಗೆದೆವು. ಬೆಂದ ಮರವನ್ನು ಒತ್ತಿ ಕುಗ್ಗಿಸಬಹುದು, ಎಳೆದು ಹಿಗ್ಗಿಸಲು ಹೋದರೆ ನೂರಕ್ಕೆ ಒಂದೆರಡು ಪಾಲು ದಾಟುವ ಮೊದಲೇ ಸೀಳುತ್ತದೆ. ಹಾಗಾಗಿ ಹೊರಬದಿಗೆ ತಗಡಿನ ಪಟ್ಟಿ ಕಟ್ಟಿ, ಎರಡೂ ತುದಿಗಳನ್ನು ಬಿಗಿಹಿಡಿದು ಬಗ್ಗಿಸಬೇಕು. ತೋನೆಟ್ ಕಂಡುಕೊಂಡ ಉಪಾಯ ಇದು. ಆಚಾರ್ರು ಅವನ ಹೆಸರು ಕೇಳಿದವರಲ್ಲ, ಪಟ್ಟಿಯನ್ನು ಮಾತ್ರ ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಕೈಗೆ ಸಿಕ್ಕಿದ್ದು ಅರ್ಧ ನಿಮಿಷ. ಕೋಲು ಅಚ್ಚಿನ ಸುತ್ತ ಸದ್ದಿಲ್ಲದೆ ತಿರುಗಿತು.

ಸಂಜೆ ನೋಡಿದರೆ ಪೆಟ್ಟಿಗೆಯ ಒಂದು ಹಲಗೆ ಬಿಲ್ಲಿನಂತೆ ಬಾಗಿತ್ತು. "ಅದೂ ಬೆಂದಿದೆಯಲ್ಲ" ಎಂದರು ಆಚಾರ್ರು, ಅದರಲ್ಲಿ ಹೇಳುವಂಥದ್ದೇನಿದೆ ಎನ್ನುವ ಹಾಗೆ.

ಆ ರಾತ್ರಿ ನಾಲ್ಕನೇ ಅಧ್ಯಾಯ ತೆರೆದೆ. ಬಿಸಿ ತೇವದಲ್ಲಿ ಪ್ಲಾಸ್ಟಿಕ್ ಹಾಳೆ ಎಷ್ಟು ಉಬ್ಬುತ್ತದೆ ಎಂಬ ಅಳತೆಗಳು. ಒಂದಕ್ಕೊಂದು ತಾಳೆಯಾಗದೆ ಅರ್ಧ ವರ್ಷ ಕಾಡಿದವು. ಹಾಳೆಯ ಬಗ್ಗೆ ಹನ್ನೊಂದು ಪುಟ ಬರೆದಿದ್ದೆ. ಹಾಳೆಯನ್ನು ಹಿಡಿದಿಟ್ಟ ಹಿಡಿಕೆಯೂ ಪ್ಲಾಸ್ಟಿಕ್ಕಿನದೇ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ವಾಪಸು ಹೋಗಿ ಖಾಲಿ ಹಿಡಿಕೆಯನ್ನೇ ಅಳೆದೆ. ಅದೂ ಉಬ್ಬುತ್ತಿತ್ತು. ಅಳತೆಗಳನ್ನೆಲ್ಲ ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಈಗಲೂ ತೆಗೆಯುತ್ತಿದ್ದೇನೆ.

ಬಳೆ ಅಚ್ಚಿನಲ್ಲಿ ವಾರವಿಡೀ ಒಣಗಿ ಕುರ್ಚಿಗೆ ಸೇರಿತು. ಬಲಭಾಗ ಸ್ವಲ್ಪ ಚಪ್ಪಟೆ. ಅಜ್ಜಿ ಒರಗಿ ನೋಡಿ, "ಹಳೇದರಷ್ಟಿಲ್ಲ" ಎಂದಳು. ಎದ್ದು ಮಾತ್ರ ಹೋಗಲಿಲ್ಲ.